ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಎಡಗೈ ಅಣು, ಬಲಗೈ ಅಣು

ಹೋದ ಸಂಚಿಕೆಯಲ್ಲಿ ಅಸಿಮ್ಮೆಟ್ರಿಕ್ ಸಿಂಥೆಸಿಸ್ ಬಗ್ಗೆ, ಅಂದ್ರೆ ಕನ್ನಡಿ ಬಿಂಬದ ಥರ ಇರೋ ಎರಡು ಅಣುಗಳಲ್ಲಿ ನಮಗೆ ಬೇಕಾದ ಒಂದನ್ನೇ ತಯಾರಿಸೋ ವಿದ್ಯೆ ಬಗ್ಗೆ ಒಂದು ಪುಟ ಬರೆದಿದ್ದೆ. ಅದನ್ನ ಓದಿ ಬಂದ ಪತ್ರಗಳನ್ನೆಲ್ಲ ಸಂಪಾದಕರು ಒಂದು ಕಟ್ಟು ಮಾಡಿ ಕಳಿಸಿದ್ರು. ನಾನು ಆರ್ಗಾನಿಕ್ ಕೆಮಿಸ್ಟ್, ಮೂವತ್ತು ವರ್ಷದಿಂದ ಕೈರಲ್ ಕ್ಯಾಟಲಿಸ್ಟ್ (ಅಂದ್ರೆ ತಾನು ಖರ್ಚಾಗದೇ ರಿಯಾಕ್ಷನ್ ಬೇಗ ನಡೆಸೋ, ಎಡ ಅಥವಾ ಬಲ ಕೈ ಇರೋ ವಸ್ತು) ಮಾಡೋದು, ಅವು ಕೆಲಸ ಮಾಡ್ತಾವಾ ಅಂತ ನೋಡೋದು, ಮಾಡ್ಲಿಲ್ಲ ಅಂದ್ರೆ ಯಾಕೆ ಅಂತ ಹುಡುಕೋದೇ ನನ್ನ ಕೆಲಸ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟು ಮಾಡಿದೀನಿ, ಕೆಲವಕ್ಕೆ ಉದ್ದ ಉತ್ತರ ಆಯ್ತು, ಕೆಲವಕ್ಕೆ ಎರಡು ಸಾಲು ಸಾಕು ಅನ್ನಿಸ್ತು.

ಪ್ರಶ್ನೆ: ಮೇಡಂ, ಎಡಗೈ ಅಣು ಬಲಗೈ ಅಣು ಅಂತ ಬರೆದಿದ್ರಿ. ಅಣುವಿಗೆ ಕೈ ಎಲ್ಲಿಂದ ಬಂತು? ಎರಡರಲ್ಲೂ ಅದೇ ಪರಮಾಣು, ಅದೇ ಬಾಂಡ್ ಇರುವಾಗ ವ್ಯತ್ಯಾಸ ಯಾಕೆ ಬರುತ್ತೆ? (ಕಾಲೇಜು ವಿದ್ಯಾರ್ಥಿ)

ಉತ್ತರ: ನಿಮ್ಮ ಎರಡೂ ಕೈನ ಅಂಗೈ ಮೇಲೆ ಮಾಡಿ ಒಂದರ ಮೇಲೊಂದು ಇಡಿ. ಬೆರಳು ಐದೈದೇ, ಅಳತೆಯೂ ಅದೇ, ಆದ್ರೆ ಒಂದರ ಹೆಬ್ಬೆರಳು ಆ ಕಡೆ ಇನ್ನೊಂದರದ್ದು ಈ ಕಡೆ, ಏನೇ ತಿರುಗಿಸಿದ್ರೂ ಒಂದಕ್ಕೊಂದು ಕೂರಲ್ಲ. ಒಂದು ಕಾರ್ಬನ್‌ಗೆ ನಾಲ್ಕು ಬೇರೆ ಬೇರೆ ಗುಂಪು ಅಂಟಿಕೊಂಡ್ರೆ ಅಲ್ಲೂ ಇದೇ ಆಗುತ್ತೆ, ಯಾಕಂದ್ರೆ ಆ ನಾಲ್ಕು ಬಾಂಡ್‌ಗಳು ಕಾಗದದ ಮೇಲೆ ಬರೆದ ಹಾಗೆ ಚಪ್ಪಟೆಯಾಗಿರಲ್ಲ, ನಾಲ್ಕು ಮೂಲೆಗೆ ಚಾಚಿಕೊಂಡಿರ್ತವೆ. ಇದನ್ನ 1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಅನ್ನೋ ಇಬ್ಬರು ಒಬ್ಬರಿಗೊಬ್ಬರು ಹೇಳ್ಕೊಳ್ಳದೇ ಬೇರೆ ಬೇರೆಯಾಗಿ ಹೇಳಿದ್ರು. ಆದ್ರೆ ಕಣ್ಣಾರೆ ನೋಡಿದವರು ಅದಕ್ಕೂ ಮುಂಚೆಯೇ ಇದ್ರು, 1848ರಲ್ಲಿ ಲೂಯಿ ಪಾಶ್ಚರ್. ಆಗ ಅವರಿಗೆ ಇಪ್ಪತ್ತೈದು ವರ್ಷ. ವೈನ್ ಪೀಪಾಯಿಯ ಗಷ್ಟಿನಿಂದ ಸಿಗೋ ಟಾರ್ಟಾರಿಕ್ ಆಸಿಡ್‌ಗೆ ಒಂದು ಜೊತೆಗಾರ ಆಸಿಡ್ ಇತ್ತು, ಎಲ್ಲ ವಿಷಯದಲ್ಲೂ ಅದೇ ಥರ, ಪೋಲರೈಸ್ಡ್ ಬೆಳಕನ್ನ, ಅಂದ್ರೆ ಒಂದೇ ದಿಕ್ಕಿನಲ್ಲಿ ಕಂಪಿಸೋ ಬೆಳಕನ್ನ, ಮಾತ್ರ ತಿರುಗಿಸ್ತಿರಲಿಲ್ಲ. ಅದರ ಸೋಡಿಯಂ ಅಮೋನಿಯಂ ಉಪ್ಪಿನ ಹರಳುಗಳನ್ನ ಪಾಶ್ಚರ್ ಒಂದೊಂದಾಗಿ ನೋಡ್ತಾ ಹೋದಾಗ ಕೆಲವದರ ಮೂಲೆಯಲ್ಲಿದ್ದ ಚಿಕ್ಕ ಮುಖ ಬಲಕ್ಕೆ, ಕೆಲವದರದ್ದು ಎಡಕ್ಕೆ ಅಂತ ಕಂಡಿತು. ಕೈಯಲ್ಲೇ ಆರಿಸಿ ಎರಡು ಗುಡ್ಡೆ ಮಾಡಿದ್ರು, ಬೇರೆ ಬೇರೆ ನೀರಲ್ಲಿ ಕರಗಿಸಿದ್ರು, ಒಂದು ಬೆಳಕನ್ನ ಬಲಕ್ಕೆ ತಿರುಗಿಸ್ತು ಇನ್ನೊಂದು ಅಷ್ಟೇ ಎಡಕ್ಕೆ. ಆ ಉಪ್ಪು ಸುಮಾರು 27 ಡಿಗ್ರಿಗಿಂತ ತಣ್ಣಗಿದ್ರೆ ಮಾತ್ರ ಹೀಗೆ ಎರಡು ಬಗೆಯ ಹರಳಾಗಿ ಬೇರೆ ಬೇರೆ ಕೂರುತ್ತೆ, ಅದಕ್ಕಿಂತ ಬೆಚ್ಚಗಿದ್ದಿದ್ರೆ ಎರಡೂ ಸೇರಿ ಒಂದೇ ಬಗೆಯ ಹರಳಾಗ್ತಿತ್ತು, ಅವರಿಗೆ ಏನೂ ಕಾಣ್ತಿರಲಿಲ್ಲ. ಹವೆ ಕೈ ಹಿಡೀತು ನಿಜ, ಆದ್ರೆ ಹರಳನ್ನ ಅಷ್ಟು ಹತ್ತಿರದಿಂದ ನೋಡೋ ತಾಳ್ಮೆ ಅವರದೇ.

ಇನ್ನು ವ್ಯತ್ಯಾಸ ಯಾಕೆ ಬರುತ್ತೆ ಅನ್ನೋದು. ಒಂಟಿಯಾಗಿದ್ದಾಗ ಎರಡಕ್ಕೂ ಕುದಿಯೋ ಬಿಂದು ಒಂದೇ, ಕರಗೋದು ಒಂದೇ, ತೂಕ ಒಂದೇ. ಕೈ ಇರೋ ಇನ್ನೊಂದು ವಸ್ತು ಎದುರಾದಾಗ್ಲೇ ಬೇರೆ ಬೇರೆ ಆಗೋದು. ಬಲಗೈ ಗ್ಲೌಸ್‌ಗೆ ಎಡಗೈ ತೂರಿಸಿ ನೋಡಿ, ಗೊತ್ತಾಗುತ್ತೆ. ನಮ್ಮ ದೇಹ ಪೂರ್ತಿ ಅಂಥ ಗ್ಲೌಸ್‌ಗಳೇ, ಪ್ರೋಟೀನ್‌ಗಳೆಲ್ಲ ಒಂದೇ ಕೈನ ಅಮಿನೋ ಆಸಿಡ್‌ಗಳಿಂದ ಆಗಿರೋದು. ಮೂಗಿನಿಂದಲೇ ಪರೀಕ್ಷೆ ಮಾಡಬಹುದಾದ ಉದಾಹರಣೆ ಬೇಕಂದ್ರೆ ಕಾರ್ವೋನ್. ಅದರ ಒಂದು ಕೈ ಸ್ಪಿಯರ್‌ಮಿಂಟ್ ಪುದೀನದ ವಾಸನೆ, ಇನ್ನೊಂದು ಕೈ ಸಬ್ಬಸಿಗೆ ಬೀಜದಲ್ಲೂ ಕ್ಯಾರವೇ ಕಾಳಿನಲ್ಲೂ ಇರೋ ವಾಸನೆ. ಎರಡು ಚಿಕ್ಕ ಸೀಸೆ ಪಕ್ಕಪಕ್ಕ ಇಟ್ಟು ಮೂಸಿಸಿದ್ರೆ ಒಂದೇ ಅಣು ಅಂತ ಯಾರೂ ನಂಬಲ್ಲ, ನಾನು ಪ್ರತಿ ಹೊಸ ಬ್ಯಾಚ್‌ಗೂ ಪಾಠ ಶುರು ಮಾಡೋದು ಇದರಿಂದಲೇ.

ಪ್ರಶ್ನೆ: ಥಾಲಿಡೊಮೈಡ್ ಮಾತ್ರೆಯಲ್ಲಿ ಬಲಗೈ ಅಣು ಔಷಧಿ, ಎಡಗೈ ಅಣು ವಿಷ, ಬಲಗೈನ ಮಾತ್ರ ಮಾರಿದ್ದಿದ್ರೆ ಅಷ್ಟು ಮಕ್ಕಳು ಉಳೀತಿದ್ರು ಅಂತ ಓದಿದೀನಿ. ಹೌದಾ? (ಔಷಧಿ ಅಂಗಡಿ ಇಟ್ಟಿರೋ ಓದುಗರು)

ಉತ್ತರ: ಇಲ್ಲ, ಮತ್ತೆ ಇದನ್ನ ಸ್ಪಷ್ಟವಾಗಿ ಹೇಳಲೇಬೇಕು, ಯಾಕಂದ್ರೆ ನಮ್ಮ ವಿಷಯದ ಪಾಠಗಳಲ್ಲೇ ಈ ಮಾತು ವರ್ಷಗಟ್ಟಲೆ ಹಾಗೇ ಉರುಳಿಕೊಂಡು ಬಂದಿದೆ. ನಿದ್ದೆಗೂ ಗರ್ಭಿಣಿಯರ ವಾಕರಿಕೆಗೂ ಕೊಡ್ತಿದ್ದ ಈ ಮಾತ್ರೆ 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು, 1961ರ ಕೊನೆಯಲ್ಲಿ ವಾಪಸ್ ತಗೊಂಡ್ರು, ಅಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೇ ಹುಟ್ಟಿದ್ರು. ಕನ್ನಡಿ ಬಿಂಬದ ಜೋಡಿಯಲ್ಲಿ ಒಂದೊಂದನ್ನೂ ಎನಾನ್ಶಿಯೋಮರ್ ಅಂತೀವಿ, ನೀವು ಬಲಗೈ ಅಂದದ್ದು ಆರ್, ಎಡಗೈ ಅಂದದ್ದು ಎಸ್. ಗರ್ಭಕ್ಕೆ ಹಾನಿ ಮಾಡೋದು ಎಸ್ ಅಂತ ಆಮೇಲೆ ಹೇಳಿದ್ರು. ಆದ್ರೆ ಈ ಅಣುವಿನಲ್ಲಿ ಕೈಯನ್ನ ನಿರ್ಧರಿಸೋ ಕಾರ್ಬನ್ ಮೇಲಿರೋ ಹೈಡ್ರೋಜನ್ ಕಾರ್ಬೋನಿಲ್ (ಆಕ್ಸಿಜನ್‌ಗೆ ಡಬಲ್ ಬಾಂಡ್ ಇರೋ ಕಾರ್ಬನ್) ಪಕ್ಕದಲ್ಲೇ ಕೂತಿದೆ, ಅದು ಸಡಿಲ, ರಕ್ತದಲ್ಲಿ ಕಳಚಿ ಮತ್ತೆ ಅಂಟಿಕೊಳ್ಳುತ್ತೆ, ಅಂಟಿಕೊಳ್ಳುವಾಗ ಈ ಕಡೆಯಿಂದ್ಲೂ ಬರಬಹುದು ಆ ಕಡೆಯಿಂದ್ಲೂ ಬರಬಹುದು. ಹಾಗಾಗಿ ಶುದ್ಧವಾದ ಆರ್ ಕೊಟ್ಟರೂ ಕೆಲವೇ ಗಂಟೆಯಲ್ಲಿ ದೇಹದೊಳಗೆ ಎಸ್ ಹುಟ್ಟಿಕೊಂಡಿರುತ್ತೆ. ಬಲಗೈನ ಮಾರಿದ್ದಿದ್ರೂ ಆ ಮಕ್ಕಳು ಉಳೀತಿರಲಿಲ್ಲ. ತಪ್ಪಾಗಿದ್ದು ಗರ್ಭಿಣಿಯರಿಗೆ ಕೊಡೋ ಮುಂಚೆ ಸರಿಯಾಗಿ ಪರೀಕ್ಷೆ ಮಾಡದೇ ಇದ್ದದ್ದರಲ್ಲಿ. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಅನ್ನೋ ಅಧಿಕಾರಿ ಸಾಕ್ಷ್ಯ ಸಾಲದು ಅಂತ ಅನುಮತಿ ಕೊಡದೇ ಹಿಡಿದು ನಿಂತ್ರು, ಅಲ್ಲಿ ಆ ಮಾತ್ರೆ ಆಗ ಮಾರಾಟಕ್ಕೇ ಬರಲಿಲ್ಲ.

ಒಂದೇ ಕೈನ ಔಷಧಿ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಪಾರ್ಕಿನ್ಸನ್ ಕಾಯಿಲೆಗೆ ಕೊಡೋ ಎಲ್-ಡೋಪಾ. ಕೆಲಸ ಮಾಡೋದು ಎಲ್ ಅನ್ನೋ ಕೈ ಮಾತ್ರ, ಅದರ ಕನ್ನಡಿ ಬಿಂಬವಾದ ಡಿ ಜೊತೆಗೆ ಹೋದ್ರೆ ಉಪಯೋಗ ಇಲ್ಲದೇ ಅಡ್ಡಪರಿಣಾಮ ಹೆಚ್ಚಾಗುತ್ತೆ. ಹಾಗಂತ ಎಲ್ಲ ಔಷಧಿಗೂ ಇದೇ ನಿಯಮ ಅಂತಲ್ಲ. ಐಬುಪ್ರೊಫೆನ್ ಎರಡೂ ಕೈ ಬೆರೆತೇ ಮಾರಾಟ ಆಗುತ್ತೆ, ಕೆಲಸ ಮಾಡದ ಆರ್ ಅನ್ನ ದೇಹದ ಎನ್‌ಜೈಮ್‌ಗಳೇ ಬಹುಪಾಲು ಎಸ್‌ಗೆ ತಿರುಗಿಸ್ತವೆ. 1992ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ನೀತಿ ಹೊರಡಿಸ್ತು, ಎರಡೂ ಕೈನ ಬೇರೆ ಬೇರೆಯಾಗಿ ಅಳೆಯೋಕೆ ನಿಮಗೆ ಬರಬೇಕು, ಬೆರಕೆ ಮಾರೋದಾದ್ರೆ ಯಾಕೆ ಅಂತ ಹೇಳಬೇಕು ಅಂತ. ಅಲ್ಲಿಂದಾಚೆಗೆ ಔಷಧಿ ಕಂಪನಿಗಳಿಗೆ ನಮ್ಮಂಥವರ ಅಗತ್ಯ ಬಹಳ ಹೆಚ್ಚಾಯ್ತು.

ಪ್ರಶ್ನೆ: ಕಣ್ಣಿಲ್ಲದ ಕ್ಯಾಟಲಿಸ್ಟ್ ಎರಡರಲ್ಲಿ ಒಂದನ್ನೇ ಹೇಗೆ ಆರಿಸುತ್ತೆ? ನಮ್ಮ ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಮುಗಿಸಿಬಿಟ್ಟಿದಾರೆ. (ಎಂಎಸ್ಸಿ ವಿದ್ಯಾರ್ಥಿನಿ)

ಉತ್ತರ: ನೀವು ಕೇಳಿದ್ದು ನನ್ನ ಇಡೀ ಬದುಕಿನ ಪ್ರಶ್ನೆ ಕಣಮ್ಮ. ಆರಿಸುತ್ತೆ ಅನ್ನೋದಕ್ಕಿಂತ ಒಂದು ದಾರಿ ಸ್ವಲ್ಪ ಇಳಿಜಾರು ಮಾಡಿಕೊಡುತ್ತೆ ಅನ್ನಿ. ಚಪ್ಪಟೆ ಡಬಲ್ ಬಾಂಡ್ ಇರೋ ಅಣುವಿಗೆ ಎರಡು ಮುಖ, ಈ ಮುಖದಿಂದ ಹೈಡ್ರೋಜನ್ ಬಂದು ಕೂತ್ರೆ ಎಡಗೈ, ಆ ಮುಖದಿಂದ ಬಂದ್ರೆ ಬಲಗೈ. ಎರಡೂ ದಾರಿಯಲ್ಲಿ ಒಂದೊಂದು ದಿಬ್ಬ ಹತ್ತಬೇಕು. ಸಾಮಾನ್ಯ ಕ್ಯಾಟಲಿಸ್ಟ್ ಇದ್ರೆ ಎರಡು ದಿಬ್ಬವೂ ಒಂದೇ ಎತ್ತರ, ಅರ್ಧಕ್ಕರ್ಧ ಸಿಗುತ್ತೆ. ಕ್ಯಾಟಲಿಸ್ಟ್‌ಗೇ ಒಂದು ಕೈ ಇದ್ರೆ ಒಂದು ಕಡೆಯಿಂದ ಬರುವಾಗ ಅದರ ಒಂದು ಫೀನೈಲ್ ಗುಂಪು (ಆರು ಕಾರ್ಬನ್‌ನ ಉಂಗುರ) ಅಡ್ಡ ಸಿಗುತ್ತೆ, ಇನ್ನೊಂದು ಕಡೆಯಿಂದ ಸಿಗಲ್ಲ, ಅಷ್ಟಕ್ಕೇ ಒಂದು ದಿಬ್ಬ ತುಸು ಎತ್ತರ ಆಗುತ್ತೆ.

ಎಷ್ಟು ಎತ್ತರ ಆದ್ರೆ ಸಾಕು ಅಂತ ಲೆಕ್ಕ ಹಾಕಿ ನೋಡಿ, ಆಶ್ಚರ್ಯ ಆಗುತ್ತೆ. ನಾವು ಅಳೆಯೋದು ಇಇ ಅಂತ, ಎನಾನ್ಶಿಯೋಮರಿಕ್ ಎಕ್ಸೆಸ್, ಅಂದ್ರೆ ಹೆಚ್ಚಿರೋ ಕೈನ ಶೇಕಡಾದಿಂದ ಕಮ್ಮಿ ಇರೋ ಕೈನ ಶೇಕಡಾ ಕಳೆದದ್ದು. 95ಕ್ಕೆ 5 ಬಂದ್ರೆ ಇಇ 90. ರೂಮ್ ಟೆಂಪರೇಚರ್‌ನಲ್ಲಿ ಈ 90 ಸಿಗೋಕೆ ಎರಡು ದಿಬ್ಬದ ನಡುವೆ ಮೋಲ್‌ಗೆ ಸುಮಾರು 1.7 ಕಿಲೋಕ್ಯಾಲರಿ ವ್ಯತ್ಯಾಸ ಇದ್ರೆ ಸಾಕು. ಈಥೇನ್ ಅಣು ತನ್ನ ಸಿಂಗಲ್ ಬಾಂಡ್ ಮೇಲೆ ಹೊರಳೋಕೇ ಹತ್ತಿರ ಹತ್ತಿರ 3 ಬೇಕು, ಅದಕ್ಕಿಂತ ಕಮ್ಮಿ ಇದು! ಅದೇ 1.7 ವ್ಯತ್ಯಾಸ ಹಾಗೇ ಉಳಿದು ಫ್ಲಾಸ್ಕನ್ನ ಡ್ರೈ ಐಸ್ ಅಸಿಟೋನ್‌ನಲ್ಲಿ ಮೈನಸ್ 78ಕ್ಕೆ ಇಳಿಸಿದ್ರೆ ಇಇ 97 ದಾಟುತ್ತೆ. ಲ್ಯಾಬ್‌ನಲ್ಲಿ ನಾವು ಅಷ್ಟು ತಣ್ಣಗೆ ಮಾಡೋದು ಇದಕ್ಕೇ. ಆದ್ರೆ ಇದರ ಇನ್ನೊಂದು ಮುಖವನ್ನೂ ನೋಡಿ, ಅಷ್ಟು ಸಣ್ಣ ವ್ಯತ್ಯಾಸ ಅಂದ್ರೆ ಒಂದು ಹನಿ ನೀರು, ಒಂದು ಚಿಟಿಕೆ ಕಲ್ಮಶ, ಸಾಲ್ವೆಂಟ್ ಬದಲಾವಣೆ, ಯಾವುದು ಬೇಕಾದ್ರೂ ಅದನ್ನ ಅಳಿಸಿಹಾಕಬಹುದು.

ಶುರುವಿನಲ್ಲಿ ಎಲ್ಲರಿಗೂ ಸಿಕ್ಕಿದ್ದು ಚಿಕ್ಕ ಸಂಖ್ಯೆಗಳೇ. 1966ರಲ್ಲಿ ಕ್ಯೋಟೋದಲ್ಲಿ ನೊಯೊರಿ ಕೈರಲ್ ತಾಮ್ರದ ಕಾಂಪ್ಲೆಕ್ಸ್ ಇಟ್ಕೊಂಡು ಮಾಡಿದ ಸೈಕ್ಲೋಪ್ರೊಪನೇಷನ್‌ನಲ್ಲಿ, ಅಂದ್ರೆ ಮೂರು ಕಾರ್ಬನ್‌ನ ಉಂಗುರ ಕಟ್ಟೋ ರಿಯಾಕ್ಷನ್‌ನಲ್ಲಿ, ಬಂದ ಇಇ ಸುಮಾರು 10. 1968ರಲ್ಲಿ ಮೊನ್ಸಾಂಟೊ ಕಂಪನಿಯಲ್ಲಿ ನೋಲ್ಸ್ ರೋಡಿಯಂ ಲೋಹಕ್ಕೆ ಅಂಟಿಕೊಂಡಿರೋ ಫಾಸ್ಫೀನ್ ಅನ್ನೋ ಮಾಮೂಲಿ ಫಾಸ್ಫರಸ್ ಅಣು ತೆಗೆದು ಕೈ ಇರೋ ಫಾಸ್ಫೀನ್ ಹಾಕಿ ಹೈಡ್ರೋಜನೇಷನ್ (ಡಬಲ್ ಬಾಂಡ್‌ಗೆ ಹೈಡ್ರೋಜನ್ ಸೇರಿಸೋದು) ಮಾಡಿದ್ರು, ಅವರಿಗೆ ಬಂದಿದ್ದು 15. ಔಷಧಿ ಮಾಡೋಕೆ ಎರಡೂ ಕೆಲಸಕ್ಕೆ ಬಾರದ ಸಂಖ್ಯೆ. ಆದ್ರೆ ಸೊನ್ನೆ ಅಲ್ಲ ಅನ್ನೋದು ಮುಖ್ಯ ಆಗಿತ್ತು, ಒಂದು ಚಿಟಿಕೆ ಲೋಹ ಕೈಯನ್ನ ದಾಟಿಸಬಲ್ಲದು ಅಂತ ಸಾಬೀತಾಯ್ತಲ್ಲ. ನೋಲ್ಸ್ ತಂಡ ಫಾಸ್ಫೀನ್‌ನ ಒಂದೊಂದು ಗುಂಪು ಬದಲಿಸ್ತಾ ಡೈಪ್ಯಾಂಪ್ ಅನ್ನೋ ಲಿಗ್ಯಾಂಡ್‌ಗೆ (ಲೋಹಕ್ಕೆ ಅಂಟಿಕೊಳ್ಳೋ ಅಣುವನ್ನ ಹೀಗಂತೀವಿ) ಬಂದು ಮುಟ್ಟಿದಾಗ 95 ಬಂತು, ಎಲ್-ಡೋಪಾ ಫ್ಯಾಕ್ಟರಿಯಲ್ಲಿ ಆ ದಾರಿಯಲ್ಲೇ ತಯಾರಾಯ್ತು. ನೊಯೊರಿ ಬೈನ್ಯಾಪ್ ಅನ್ನೋ ಲಿಗ್ಯಾಂಡ್ ಕೈಗೆ ಬರೋಕೆ ವರ್ಷಗಟ್ಟಲೆ ಒದ್ದಾಡಿ 1980ರಲ್ಲಿ ಪ್ರಕಟ ಮಾಡಿದ್ರು, ಕೆಲವೇ ವರ್ಷದಲ್ಲಿ ಅದರಿಂದ ಟಕಸಾಗೊ ಕಂಪನಿ ಮೆಂಥಾಲ್ ಮಾಡೋಕೆ ಶುರು ಮಾಡ್ತು, ಟನ್‌ಗಟ್ಟಲೆ. ಇವರಿಬ್ಬರಿಗೂ, ಆಕ್ಸಿಡೇಷನ್‌ನಲ್ಲಿ ಇದೇ ಥರದ ಕೆಲಸ ಮಾಡಿದ ಶಾರ್ಪ್‌ಲೆಸ್ ಅವರಿಗೂ ಸೇರಿ 2001ರ ನೊಬೆಲ್. ನೋಲ್ಸ್ ಅಷ್ಟರಲ್ಲಿ ರಿಟೈರ್ ಆಗಿ ಹದಿನೈದು ವರ್ಷ ಆಗಿತ್ತು.

ಪ್ರಶ್ನೆ: ಪಿಎಚ್‌ಡಿ ಮೂರನೇ ವರ್ಷ. ಇಇ 62ರಲ್ಲಿ ನಿಂತು ಎಂಟು ತಿಂಗಳಾಯ್ತು. ಗೈಡ್ ಏನೂ ಹೇಳಲ್ಲ, ಲ್ಯಾಬ್‌ಮೇಟ್‌ಗಳೆಲ್ಲ ಪೇಪರ್ ಹಾಕ್ತಿದಾರೆ. ಟಾಪಿಕ್ ಬಿಡ್ಲಾ? (ಹೆಸರು ಬೇಡ ಅಂದಿದಾರೆ)

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಬಿಡಬೇಕಾ ಬೇಡವಾ ಅನ್ನೋದಕ್ಕೆ ಮುಂಚೆ ಒಂದು ಕೇಳ್ತೀನಿ, ಆ 62 ನಿಜವಾಗಿ 62ನೇನಾ? ಬೇಜಾರು ಮಾಡ್ಕೋಬೇಡಿ, ನಮ್ಮ ಕೆಲಸದಲ್ಲಿ ಅರ್ಧಕ್ಕರ್ಧ ಕಷ್ಟ ಅಳತೆಯಿಂದ್ಲೇ ಬರೋದು. ಎರಡು ಕೈನ ಬೇರೆ ಮಾಡಿ ತೋರಿಸೋ ಕೈರಲ್ ಕಾಲಂ ಮೇಲೆ ಮೊದಲು ರೇಸಿಮಿಕ್, ಅಂದ್ರೆ ಎರಡೂ ಕೈ ಅರ್ಧಕ್ಕರ್ಧ ಇರೋ, ಸ್ಯಾಂಪಲ್ ಹಾಕಿ ಎರಡು ಪೀಕ್ ಪೂರ್ತಿ ಬಿಡಿಬಿಡಿಯಾಗಿ, ಸಮ ವಿಸ್ತೀರ್ಣದಲ್ಲಿ ಬಂದಿದೆಯಾ ನೋಡಿದ್ರಾ? ಚಿಕ್ಕ ಪೀಕ್ ಕೆಳಗೆ ಬೇರೇನೋ ಕಲ್ಮಶ ಅವಿತು ಕೂತಿದ್ರೆ ನಿಮ್ಮ 62 ನಿಜಕ್ಕೂ 80 ಇರಬಹುದು. ಅದೇ ಥರ ಉಲ್ಟಾನೂ ಆಗುತ್ತೆ, ಹರಳು ಕಟ್ಟಿಸಿ ಆಮೇಲೆ ಅಳೆದವರಿಗೆ ಕ್ಯಾಟಲಿಸ್ಟ್ ಕೊಟ್ಟದ್ದಕ್ಕಿಂತ ಹೆಚ್ಚು ಇಇ ಕಾಣುತ್ತೆ, ಸಿಲಿಕಾ ಕಾಲಂನಿಂದ ಇಳಿದ ಮೊದಲ ಭಾಗಕ್ಕೂ ಕೊನೇ ಭಾಗಕ್ಕೂ ಇಇ ಬೇರೆ ಬೇರೆ ಬಂದದ್ದನ್ನ ನಾನೇ ನೋಡಿದೀನಿ. ಆದ್ದರಿಂದ ಶುದ್ಧ ಮಾಡೋ ಮುಂಚಿನ ಕ್ರೂಡ್‌ನಲ್ಲೇ ಒಂದ್ಸಲ ಅಳೆದು ಬರೆದಿಡಿ.

ಅಳತೆ ಸರಿ ಇದೆ ಅಂತಾದ್ರೆ ನನ್ನದೇ ಒಂದು ಅನುಭವ ಹೇಳ್ತೀನಿ. ನನಗೂ ಆಗ ಪಿಎಚ್‌ಡಿ ಮೂರನೇ ವರ್ಷ. ಒಂದು ಕಾಂಜುಗೇಟ್ ಅಡಿಷನ್, ಕ್ಲೋರೋಫಾರ್ಮ್‌ನಲ್ಲಿ, ಒಂದು ಎಂಎಲ್ ಅಳತೆಯಲ್ಲಿ ಚಿಕ್ಕ ಚಿಕ್ಕ ವಯಲ್‌ನಲ್ಲಿ ಮಾಡ್ತಿದ್ದೆ. ಒಂದೂವರೆ ತಿಂಗಳು ಸತತವಾಗಿ ಇಇ 92 ಬಂತು, ಯಾವ ಸಬ್‌ಸ್ಟ್ರೇಟ್ (ರಿಯಾಕ್ಷನ್‌ಗೆ ಹಾಕೋ ಮೂಲ ವಸ್ತು) ಹಾಕಿದ್ರೂ 90ರ ಆಸುಪಾಸು, ಪೇಪರ್ ಬರೆಯೋಕೆ ಕೂತಿದ್ದೆ. ಒಂದು ಸೋಮವಾರ 71 ಬಂತು. ಮಂಗಳವಾರ 70. ಗಾಜಿನ ಸಾಮಾನೆಲ್ಲ ಬೇಸ್ ಬಾತ್‌ನಲ್ಲಿ ನೆನೆಸಿ ತೊಳೆದು ಓವನ್‌ನಲ್ಲಿ ಒಣಗಿಸಿದೆ, ಲಿಗ್ಯಾಂಡ್ ಹೊಸದಾಗಿ ಮಾಡಿದೆ, ಆರ್ಗಾನ್ ಸಿಲಿಂಡರ್ ಬದಲಿಸಿದೆ, ಇಇ ಅಳೆಯೋ ಎಚ್‌ಪಿಎಲ್‌ಸಿ ಯಂತ್ರದ ಕಾಲಂ ಕೆಟ್ಟಿರಬೇಕು ಅಂತ ಹಳೇ ಸ್ಯಾಂಪಲ್ ಮತ್ತೆ ಇಂಜೆಕ್ಟ್ ಮಾಡಿದ್ರೆ ಅದು ಸರಿಯಾಗಿ 92 ತೋರಿಸ್ತು. ಅಂದ್ರೆ ಕಾಲಂ ಸರಿ ಇದೆ, ರಿಯಾಕ್ಷನ್ ಬದಲಾಗಿದೆ. ಮೂರು ವಾರ ಹೀಗೇ ಹೋಯ್ತು, ರಾತ್ರಿ ನಿದ್ದೆ ಬರ್ತಿರಲಿಲ್ಲ, ಮೊದಲ 92 ಎಲ್ಲ ಸುಳ್ಳಾಗಿತ್ತೇನೋ ಅಂತ ನನಗೇ ನನ್ನ ಮೇಲೆ ಅನುಮಾನ ಬಂತು.

ಕೊನೆಗೆ ಫ್ಯೂಮ್ ಹುಡ್ ಕೆಳಗಿನ ಕಪಾಟು ಖಾಲಿ ಮಾಡುವಾಗ ಹಳೇ ಕ್ಲೋರೋಫಾರ್ಮ್ ಬಾಟ್ಲಿ ಸಿಕ್ತು, ತಳದಲ್ಲಿ ಎರಡು ಬೆರಳಷ್ಟು ಉಳಿದಿತ್ತು. ಅದರಲ್ಲೇ ಒಂದು ರಿಯಾಕ್ಷನ್ ಹಾಕಿದೆ. 92. ಎರಡು ಬಾಟ್ಲಿ ಪಕ್ಕಪಕ್ಕ ಇಟ್ಟು ಲೇಬಲ್ ಓದಿದೆ, ಅದುವರೆಗೂ ಓದಿರಲೇ ಇಲ್ಲ. ಕ್ಲೋರೋಫಾರ್ಮ್ ಕೆಡದೇ ಇರಲಿ ಅಂತ ಸ್ವಲ್ಪ ಏನಾದ್ರೂ ಸೇರಿಸಿರ್ತಾರೆ, ಹಳೇದರಲ್ಲಿ ಎಥನಾಲ್, ಹೊಸದರಲ್ಲಿ ಅಮೈಲೀನ್. ಹೊಸ ಬಾಟ್ಲಿಯ ಒಂದು ಎಂಎಲ್‌ಗೆ ಹತ್ತು ಮೈಕ್ರೋಲೀಟರ್ ಎಥನಾಲ್ ಹಾಕಿದೆ, ಸಿರಿಂಜ್ ಸೂಜಿಯ ತುದಿಯಲ್ಲಿ ಒಂದು ಹನಿಯಾಗಿ ನೇತಾಡೋಷ್ಟು. ಮಾರನೇ ದಿನ ಬೆಳಿಗ್ಗೆ ಇಇ 91. ಕ್ಯಾಟಲಿಸ್ಟ್ ತನ್ನ ಕೆಲಸ ಮುಗಿಸಿ ಪ್ರಾಡಕ್ಟನ್ನ ಬಿಟ್ಟುಕೊಡೋಕೆ ಒಂದು ಪ್ರೋಟಾನ್ ಬೇಕಿತ್ತು, ಅದನ್ನ ಕೊಡ್ತಿದ್ದದ್ದು ನಾನು ಲೆಕ್ಕಕ್ಕೇ ಇಡದ ಆ ಎಥನಾಲ್. ಅದು ಇಲ್ಲದಾಗ ಕ್ಯಾಟಲಿಸ್ಟ್ ಸಿಕ್ಕಿಹಾಕ್ಕೊಂಡು, ಕ್ಯಾಟಲಿಸ್ಟ್ ಇಲ್ಲದ ದಾರಿಯಲ್ಲಿ ಅರ್ಧಕ್ಕರ್ಧ ಪ್ರಾಡಕ್ಟ್ ಹುಟ್ಟಿ ಸಂಖ್ಯೆ ಕೆಳಗೆ ಎಳೀತಿತ್ತು. ನನ್ನ ಥೀಸಿಸ್‌ನಲ್ಲಿ ನನಗೆ ಅತಿ ಇಷ್ಟವಾದ ಅಧ್ಯಾಯ ಅದೇ.

ಹೀಗಾಗಿ ನಿಮಗೆ ಹೇಳೋದು, 62 ಅಂದ್ರೆ ಕ್ಯಾಟಲಿಸ್ಟ್ ಏನೋ ಹೇಳ್ತಿದೆ, ಕೇಳಿಸ್ಕೊಳ್ಳಿ. ಕ್ಯಾಟಲಿಸ್ಟ್ ಹಾಕದೇ ಒಂದು ರಿಯಾಕ್ಷನ್ ಇಡಿ, ಅದು ತಾನಾಗಿ ನಡೀತಿದ್ರೆ ನಿಮ್ಮ ಶತ್ರು ಸಿಕ್ಕ ಹಾಗೆ. ಹತ್ತನೇ ನಿಮಿಷದಲ್ಲೂ ಹತ್ತನೇ ಗಂಟೆಯಲ್ಲೂ ಇಇ ಅಳೀರಿ, ಬದಲಾಗ್ತಿದ್ರೆ ಪ್ರಾಡಕ್ಟೇ ಕ್ಯಾಟಲಿಸ್ಟ್‌ನ ಕೈ ಕಟ್ಟಿಹಾಕ್ತಿರಬಹುದು. ಲಿಗ್ಯಾಂಡ್‌ಗೆ ಬೇಕಂತಲೇ ಅದರ ಇನ್ನೊಂದು ಕೈನ ಸ್ವಲ್ಪ ಬೆರೆಸಿ ಹಾಕಿ, ಲಿಗ್ಯಾಂಡ್‌ನ ಇಇ ಇಳಿದ ಪ್ರಮಾಣದಲ್ಲೇ ಪ್ರಾಡಕ್ಟ್‌ನದೂ ಇಳಿಯುತ್ತಾ ಅಥವಾ ಗೆರೆ ಬಾಗುತ್ತಾ ಅಂತ ಗ್ರಾಫ್ ಹಾಕಿ. ಕಗಾನ್ ಅನ್ನೋ ಕೆಮಿಸ್ಟ್ 1986ರಲ್ಲಿ ತೋರಿಸಿಕೊಟ್ಟ ದಾರಿ ಇದು, ಗೆರೆ ಬಾಗಿದ್ರೆ ಎರಡು ಅಥವಾ ಹೆಚ್ಚು ಕ್ಯಾಟಲಿಸ್ಟ್ ಅಣು ಒಟ್ಟಿಗೆ ಸೇರಿಕೊಂಡಿವೆ ಅನ್ನೋ ಸುಳಿವು. ಶಾರ್ಪ್‌ಲೆಸ್ ಅವರ ಎಪಾಕ್ಸಿಡೇಷನ್ (ಡಬಲ್ ಬಾಂಡ್‌ಗೆ ಆಕ್ಸಿಜನ್ ಸೇರಿಸೋ ರಿಯಾಕ್ಷನ್) 1980ರಲ್ಲಿ ಬಂದಾಗ ಬಹುತೇಕ ಕಡೆ ಟೈಟಾನಿಯಂನ ಸಬ್‌ಸ್ಟ್ರೇಟ್‌ನಷ್ಟೇ ಹಾಕಬೇಕಾಗಿತ್ತು, ಆಮೇಲೆ ನೀರು ಹೀರೋ ಮಾಲಿಕ್ಯುಲರ್ ಸೀವ್ ಹಾಕಿ ನೀರು ತೆಗೆದಾಗ 5ರಿಂದ 10 ಪರ್ಸೆಂಟ್ ಸಾಕಾಯ್ತು. ಅವರಿಗೂ ಅಡ್ಡ ಬಂದಿದ್ದು ಕಣ್ಣಿಗೆ ಕಾಣದ ನೀರು. ಈ ಮೂರು ಪರೀಕ್ಷೆ ಒಂದು ತಿಂಗಳ ಕೆಲಸ, ಮಾಡಿ ಗೈಡ್ ಮುಂದೆ ಗ್ರಾಫ್ ಇಡಿ. ಸುಮ್ಮನಿರೋ ಗೈಡ್‌ಗಳು ಬಹಳ ಸಲ ನೀವು ಏನಾದ್ರೂ ತರ್ತೀರಿ ಅಂತ ಕಾಯ್ತಿರ್ತಾರೆ. ಅದಾದ ಮೇಲೂ ಏನೂ ಗೊತ್ತಾಗ್ಲಿಲ್ಲ ಅಂದ್ರೆ ಟಾಪಿಕ್ ಬದಲಿಸಿ, ಅದರಲ್ಲಿ ಅವಮಾನ ಏನೂ ಇಲ್ಲ. ಆದ್ರೆ ಬೇರೆಯವರ ಪೇಪರ್ ನೋಡಿ ಬಿಡಬೇಡಿ.

ಪ್ರಶ್ನೆ: ಇದಕ್ಕೆ ಗಣಿತ ಎಷ್ಟು ಬೇಕು? ಕಂಪ್ಯೂಟರೇ ಕ್ಯಾಟಲಿಸ್ಟ್ ಡಿಸೈನ್ ಮಾಡುತ್ತಂತಲ್ಲ?

ಉತ್ತರ: ಲಾಗರಿದಮ್, ಗ್ರಾಫ್, ರೇಟ್ ಇಕ್ವೇಷನ್ ಅರ್ಥ ಆದ್ರೆ ಶುರು ಮಾಡಬಹುದು. ಕಂಪ್ಯೂಟರ್ ಲೆಕ್ಕದಿಂದ ನಮಗೆ ಬಹಳ ಸಹಾಯ ಆಗ್ತಿದೆ, ಆದ್ರೆ 1.7 ಕಿಲೋಕ್ಯಾಲರಿಯ ಮಾತು ನೆನಪಿಡಿ, ಲೆಕ್ಕದಲ್ಲಿ ಒಂದು ಕಿಲೋಕ್ಯಾಲರಿ ಹೆಚ್ಚುಕಮ್ಮಿ ಆದ್ರೂ ಇಇಯ ಉತ್ತರ ಬಹಳ ಬದಲಾಗೋ ಜಾಗ ಇದು. ಲೆಕ್ಕದ ಜೊತೆಗೆ ಫ್ಲಾಸ್ಕೂ ಬೇಕು.

ಪ್ರಶ್ನೆ: ಲೋಹದ ಕ್ಯಾಟಲಿಸ್ಟ್ ದುಬಾರಿ, ಕೆಲವು ವಿಷ. ಲೋಹ ಇಲ್ಲದೇ ಆಗಲ್ವಾ? ಎನ್‌ಜೈಮ್ ಇರುವಾಗ ಇದೆಲ್ಲ ಯಾಕೆ? (ಬಯೋಕೆಮಿಸ್ಟ್ರಿ ಉಪನ್ಯಾಸಕರು)

ಉತ್ತರ: ಆಗುತ್ತೆ ಸರ್. 2000ದಲ್ಲಿ ಲಿಸ್ಟ್ ಮತ್ತು ಅವರ ಜೊತೆಯವರು ಪ್ರೋಲೀನ್ ಅನ್ನೋ ಸಾದಾ ಅಮಿನೋ ಆಸಿಡ್ ಒಂದರಿಂದಲೇ ಆಲ್ಡಾಲ್ ಅನ್ನೋ, ಕಾರ್ಬನ್‌ಗೆ ಕಾರ್ಬನ್ ಜೋಡಿಸೋ ರಿಯಾಕ್ಷನ್ ಮಾಡಿ ತೋರಿಸಿದ್ರು, ಅದೇ ವರ್ಷ ಮ್ಯಾಕ್‌ಮಿಲನ್ ಬೇರೆ ಒಂದು ಚಿಕ್ಕ ಅಮೈನ್‌ನಿಂದ ಡೀಲ್ಸ್-ಆಲ್ಡರ್ ಅನ್ನೋ, ಉಂಗುರ ಕಟ್ಟೋ ರಿಯಾಕ್ಷನ್ ಮಾಡಿದ್ರು. 2021ರ ನೊಬೆಲ್ ಇಬ್ಬರಿಗೂ ಬಂತು. ನನ್ನನ್ನ ಇವತ್ತಿಗೂ ಕಾಡೋ ಸಂಗತಿ ಬೇರೆ ಇದೆ. ಪ್ರೋಲೀನ್ ಒಂದು ಉಂಗುರ ಮುಚ್ಚೋ ಆಲ್ಡಾಲ್‌ನ ಒಳ್ಳೇ ಇಇಯಲ್ಲಿ ಮಾಡುತ್ತೆ ಅಂತ 1970ರ ದಶಕದ ಆರಂಭದಲ್ಲೇ ಎರಡು ಔಷಧಿ ಕಂಪನಿಯ ತಂಡಗಳು ತೋರಿಸಿದ್ವು, ಸ್ಟೀರಾಯ್ಡ್ ಮಾಡುವಾಗ. ಆ ರಿಯಾಕ್ಷನ್ ನಾವೆಲ್ಲ ಪುಸ್ತಕದಲ್ಲಿ ಓದಿದ್ವಿ, ಪರೀಕ್ಷೆಯಲ್ಲಿ ಬರೆದ್ವಿ. ಒಂದು ಅಮಿನೋ ಆಸಿಡ್ ಇಷ್ಟು ಮಾಡಿದ್ರೆ ಇನ್ನೂ ಏನೇನು ಮಾಡಬಹುದು ಅಂತ ಕೇಳೋಕೆ ಮೂವತ್ತು ವರ್ಷ ಹಿಡೀತು.

ಎನ್‌ಜೈಮ್ ವಿಷಯದಲ್ಲೂ ನಿಮ್ಮ ಮಾತು ಒಪ್ತೀನಿ. ಸಕ್ಕರೆ ಕಾಯಿಲೆಗೆ ಕೊಡೋ ಸಿಟಾಗ್ಲಿಪ್ಟಿನ್‌ನ ಮೊದಲು ರೋಡಿಯಂ ಹೈಡ್ರೋಜನೇಷನ್‌ನಿಂದ ಮಾಡ್ತಿದ್ರು, 2010ರಲ್ಲಿ ಮರ್ಕ್ ಮತ್ತು ಕೊಡೆಕ್ಸಿಸ್ ಕಂಪನಿಗಳು ಒಂದು ಟ್ರಾನ್ಸಮಿನೇಸ್ ಎನ್‌ಜೈಮ್‌ನ ಸ್ವಲ್ಪ ಸ್ವಲ್ಪವೇ ತಿದ್ದಿ ಅದೇ ಕೆಲಸಕ್ಕೆ ಪಳಗಿಸಿ ಲೋಹವೂ ಬೇಡ, ಹೈ ಪ್ರೆಷರ್ ಹೈಡ್ರೋಜನ್ನೂ ಬೇಡ ಅಂತ ಮಾಡಿದ್ವು. ಹಾಗಂತ ಪ್ರತಿ ಅಣುವಿಗೂ ಎನ್‌ಜೈಮ್ ಸಿಗಲ್ಲ, ನಿಸರ್ಗ ಯಾವತ್ತೂ ಮಾಡದ ಬಾಂಡ್‌ಗಳೂ ನಮಗೆ ಬೇಕು, ಎರಡು ಕೈನಲ್ಲಿ ಯಾವುದು ಕೇಳಿದ್ರೂ ಕೊಡಬೇಕು. ಲಿಗ್ಯಾಂಡ್‌ನ ಕನ್ನಡಿ ಬಿಂಬ ಹಾಕಿದ್ರೆ ಇನ್ನೊಂದು ಕೈ ಬರುತ್ತೆ, ಎನ್‌ಜೈಮ್‌ನ ಕನ್ನಡಿ ಬಿಂಬ ಅಷ್ಟು ಸುಲಭಕ್ಕೆ ಸಿಗಲ್ಲ.

ಪ್ರಶ್ನೆ: ಮಗಳು ಸಿಂಥೆಟಿಕ್ ಕೆಮಿಸ್ಟ್ರಿ ಲ್ಯಾಬ್‌ಗೆ ಸೇರ್ತೀನಿ ಅಂತಾಳೆ. ನನಗೆ ಭಯ. ಅಪಾಯ ಇದೆಯಾ? (ಒಬ್ಬ ತಾಯಿ)

ಉತ್ತರ: ಇದೆ ಅಮ್ಮ, ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಗಾಳಿ ತಗುಲಿದ್ರೆ ತಾನೇ ಹೊತ್ತಿಕೊಳ್ಳೋ ಟರ್ಟ್-ಬ್ಯೂಟೈಲ್ ಲಿಥಿಯಂ ಥರದ ರೀಏಜೆಂಟ್ ಇವೆ, ಕಣ್ಣಿಗೆ ಆವಿ ತಾಗಿದ್ರೆ ಕೆಡಿಸೋ ಆಸ್ಮಿಯಂ ಟೆಟ್ರಾಕ್ಸೈಡ್ ಇದೆ. ಶಾರ್ಪ್‌ಲೆಸ್ ಅಂತ ಮೇಲೆ ಬರೆದೆನಲ್ಲ, ಎರಡು ನೊಬೆಲ್ ಪಡೆದವರು, 2001ರದ್ದು ಒಂದು 2022ರದ್ದು ಇನ್ನೊಂದು. ಅವರು 1970ರಲ್ಲಿ ಎಂಐಟಿಯಲ್ಲಿ ಹೊಸದಾಗಿ ಪಾಠ ಮಾಡೋಕೆ ಸೇರಿದ್ದಾಗ ಒಂದು ರಾತ್ರಿ ಮನೆಗೆ ಹೊರಟು ಸೇಫ್ಟಿ ಕನ್ನಡಕ ತೆಗೆದಿಟ್ಟಿದ್ರು. ದಾರಿಯಲ್ಲಿ ಒಬ್ಬ ವಿದ್ಯಾರ್ಥಿ ಎನ್‌ಎಂಆರ್ ಪರೀಕ್ಷೆಗೆ ಸ್ಯಾಂಪಲ್ ತುಂಬೋ ಗಾಜಿನ ಟ್ಯೂಬ್ ಸೀಲ್ ಮಾಡ್ತಿದ್ದ, ಇವರು ಅದನ್ನ ಎತ್ತಿ ಬೆಳಕಿಗೆ ಹಿಡಿದು ನೋಡಿದ್ರು, ಒಳಗೆ ಆಕ್ಸಿಜನ್ ದ್ರವ ಆಗಿ ಸೇರಿಕೊಂಡಿತ್ತು, ಟ್ಯೂಬ್ ಸಿಡಿದು ಒಂದು ಕಣ್ಣು ಹೋಯ್ತು. ಅವರೇ ಇದನ್ನ ಬರೆದು, ಲ್ಯಾಬ್ ಒಳಗೆ ಇರೋವಷ್ಟು ಹೊತ್ತೂ ಕನ್ನಡಕ ತೆಗೀಬೇಡಿ ಅಂತ ಎಲ್ಲರಿಗೂ ಹೇಳ್ತಾ ಬಂದಿದಾರೆ.

ಇದನ್ನ ಹೆದರಿಸೋಕೆ ಹೇಳ್ತಿಲ್ಲ. ಮಗಳು ಸೇರೋ ಮುಂಚೆ ಆ ಲ್ಯಾಬ್‌ಗೆ ಒಂದು ದಿನ ಹೋಗಿ ಸುಮ್ಮನೆ ನೋಡ್ಲಿ. ಎಲ್ಲರ ಕಣ್ಣಿಗೂ ಕನ್ನಡಕ ಇದೆಯಾ, ಫ್ಯೂಮ್ ಹುಡ್‌ನ ಗಾಜು ಕೆಳಗೆ ಇಳಿಸಿದಾರಾ, ರಾತ್ರಿ ಒಬ್ಬರೇ ಕೆಲಸ ಮಾಡೋಕೆ ಬಿಡ್ತಾರಾ, ಹೊಸಬರಿಗೆ ಲಿಥಿಯಂ ರೀಏಜೆಂಟ್ ಕೈಗೆ ಕೊಡೋ ಮುಂಚೆ ಪಕ್ಕ ನಿಂತು ಕಲಿಸ್ತಾರಾ. ಈ ನಾಲ್ಕಕ್ಕೆ ಉತ್ತರ ಸರಿ ಇಲ್ಲದಿದ್ರೆ ಎಷ್ಟೇ ಹೆಸರಾದ ಲ್ಯಾಬ್ ಆಗಿರಲಿ, ಬೇಡ ಅನ್ನಿ. ಸರಿ ಇದ್ರೆ ಧೈರ್ಯವಾಗಿ ಕಳಿಸಿ. ಕೆಲಸವನ್ನೇ ಕಮ್ಮಿ ಅಪಾಯದ್ದಾಗಿ ಮಾಡೋದೂ ನಮ್ಮ ವಿದ್ಯೆಯ ಭಾಗ, ಆಸ್ಮಿಯಂನ ಆವಿಯಾಗದ ಉಪ್ಪಿನ ರೂಪದಲ್ಲಿ ಉಳಿದ ರೀಏಜೆಂಟ್‌ಗಳ ಜೊತೆ ಬೆರೆಸಿಟ್ಟ ಎಡಿ-ಮಿಕ್ಸ್ ಅನ್ನೋ ಪುಡಿ ಬಂದದ್ದು ಹಾಗೇ.

ಪ್ರಶ್ನೆ: ಕೆಲಸ ಎಲ್ಲಿ ಸಿಗುತ್ತೆ? ಪಾಠ ಮಾಡೋದು ಬಿಟ್ಟು ಬೇರೆ ದಾರಿ ಇದೆಯಾ?

ಉತ್ತರ: ಔಷಧಿ, ಕೀಟನಾಶಕ, ಸುಗಂಧ ಈ ಮೂರು ಕಡೆ. ಅದರಲ್ಲೂ ಪ್ರೋಸೆಸ್ ಕೆಮಿಸ್ಟ್ರಿ ಬಗ್ಗೆ ಹುಡುಗರಿಗೆ ಯಾರೂ ಹೇಳಲ್ಲ. ಇಪ್ಪತ್ತು ಮಿಲಿಗ್ರಾಂನಲ್ಲಿ ಚೆನ್ನಾಗಿ ನಡೆದದ್ದನ್ನ ಇನ್ನೂರು ಕಿಲೋಗೆ ಒಯ್ಯೋದು ಬೇರೆಯದೇ ಬುದ್ಧಿವಂತಿಕೆ, ಅಲ್ಲಿ ಮೈನಸ್ 78 ಅಂದ್ರೆ ಖರ್ಚು, ಕಾಲಂ ಕ್ರೊಮ್ಯಾಟೋಗ್ರಫಿ ಅಂದ್ರೆ ಬೇಡ, ಪ್ರಾಡಕ್ಟ್ ಹರಳಾಗಿ ತಾನೇ ಬೀಳಬೇಕು, ಉಳಿದ ಲೋಹ ಪಾರ್ಟ್ಸ್ ಪರ್ ಮಿಲಿಯನ್ ಲೆಕ್ಕದಲ್ಲಿ ತೆಗೀಬೇಕು. ಸ್ಟೆಪ್ ಲೆಕ್ಕವನ್ನೂ ನೋಡಿ, ಹತ್ತು ಸ್ಟೆಪ್, ಒಂದೊಂದರಲ್ಲೂ 80 ಪರ್ಸೆಂಟ್ ಇಳುವರಿ ಬಂದ್ರೂ ಕೊನೆಗೆ ಕೈಗೆ ಉಳಿಯೋದು 11ಕ್ಕಿಂತ ಕಮ್ಮಿ, 90 ಮಾಡಿದ್ರೆ 35ರ ಹತ್ತಿರ. ಈ ವ್ಯತ್ಯಾಸ ತರಬಲ್ಲವರು ಕಂಪನಿಗೆ ಬೇಕೇ ಬೇಕು. ಸಂದರ್ಶನದಲ್ಲಿ ನಿಮ್ಮ 99ರ ಇಇ ಬಗ್ಗೆ ಕೇಳೋದಕ್ಕಿಂತ ಕೈಕೊಟ್ಟ ರಿಯಾಕ್ಷನ್ ಬಗ್ಗೆ ಹೆಚ್ಚು ಕೇಳ್ತಾರೆ, ನೋಟ್‌ಬುಕ್‌ನಲ್ಲಿ ಅದನ್ನೂ ಸರಿಯಾಗಿ ಬರೆದಿಡಿ, ಬಾಟ್ಲಿಯ ಲಾಟ್ ನಂಬರ್ ಸಮೇತ.

ಪ್ರಶ್ನೆ: ಮುಂದಿನ ವಾರ ಲ್ಯಾಬ್‌ಗೆ ಸೇರ್ತಿದೀನಿ, ಏನೂ ಗೊತ್ತಿಲ್ಲ. ಮೊದಲನೇ ಪ್ರಯೋಗ ಯಾವುದು ಮಾಡ್ಲಿ ಮೇಡಂ?

ಉತ್ತರ: ಅಸಿಟೋಫೀನೋನ್ ತಗೊಳ್ಳಿ, ಎಲ್ಲ ಲ್ಯಾಬ್‌ನಲ್ಲೂ ಇರುತ್ತೆ. ಮೆಥನಾಲ್‌ನಲ್ಲಿ ಕರಗಿಸಿ ಐಸ್‌ನಲ್ಲಿಟ್ಟು ಸೋಡಿಯಂ ಬೋರೋಹೈಡ್ರೈಡ್ ಚೂರು ಚೂರೇ ಹಾಕಿ, ಟಿಎಲ್‌ಸಿ (ಬೆರಕೆಯನ್ನ ಬೇರೆ ಬೇರೆ ಚುಕ್ಕೆಯಾಗಿ ತೋರಿಸೋ ಚಿಕ್ಕ ಹಾಳೆ) ನೋಡ್ತಾ ಇರಿ, ಯುವಿ ಲ್ಯಾಂಪ್ ಕೆಳಗೆ ಮೇಲಿನ ಕಪ್ಪು ಚುಕ್ಕೆ ಮಾಯವಾಗಿ ಕೆಳಗೆ ಒಂದು ಮಬ್ಬು ಚುಕ್ಕೆ ಬಂದ್ರೆ ಮುಗೀತು. ಇದು ನಿಮ್ಮ ರೇಸಿಮಿಕ್ ಫೀನೈಲೆಥನಾಲ್. ಕೈರಲ್ ಕಾಲಂಗೆ ಹೆಕ್ಸೇನ್‌ಗೆ ಸ್ವಲ್ಪ ಐಸೋಪ್ರೊಪನಾಲ್ ಬೆರೆಸಿ ಹರಿಸಿ ಇಂಜೆಕ್ಟ್ ಮಾಡಿ, ಎರಡು ಪೀಕ್ ಬಿಡಿಬಿಡಿಯಾಗಿ ಬರೋವರೆಗೂ ಆ ಐಸೋಪ್ರೊಪನಾಲ್ ಪ್ರಮಾಣ ಬದಲಿಸ್ತಾ ಹೋಗಿ, ವಿಸ್ತೀರ್ಣ ಸಮ ಇದೆಯಾ ನೋಡಿ. ಇದಕ್ಕೆ ಎರಡು ದಿನ ಆದ್ರೂ ಪರವಾಗಿಲ್ಲ, ಅವಸರ ಬೇಡ.

ಆಮೇಲೆ ಅದೇ ಅಸಿಟೋಫೀನೋನ್‌ನ ಕೋರಿ ಅನ್ನೋ ಕೆಮಿಸ್ಟ್ ತಂದ ಸಿಬಿಎಸ್ ಕ್ಯಾಟಲಿಸ್ಟ್ ಮತ್ತು ಬೋರೇನ್ ಹಾಕಿ ರಿಡ್ಯೂಸ್ ಮಾಡಿ, 1987ರಿಂದ ಜಗತ್ತಿನ ಎಲ್ಲ ಕಡೆ ಮಾಡ್ತಿರೋ ರಿಯಾಕ್ಷನ್ ಇದು, ಈ ಕ್ಯಾಟಲಿಸ್ಟ್‌ನ ಮೂಲವೂ ಪ್ರೋಲೀನೇ. ಬೋರೇನ್ ಜೊತೆ ಕೆಲಸ ಅಂದ್ರೆ ಫ್ಲಾಸ್ಕ್ ಬಿಸಿ ಮಾಡಿ ಒಣಗಿಸಿ ನೈಟ್ರೋಜನ್ ತುಂಬಿ, ಸೀನಿಯರ್ ಒಬ್ಬರನ್ನ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ. ಕೀಟೋನ್‌ನ, ಅಂದ್ರೆ ಅಸಿಟೋಫೀನೋನ್‌ನ, ನಿಧಾನಕ್ಕೆ, ಹನಿಹನಿಯಾಗಿ ಹಾಕಿ, ಒಟ್ಟಿಗೆ ಸುರಿದ್ರೆ ಕ್ಯಾಟಲಿಸ್ಟ್ ಇಲ್ಲದ ದಾರಿಯಲ್ಲೂ ರಿಯಾಕ್ಷನ್ ಓಡುತ್ತೆ. ಎಸ್ ಕ್ಯಾಟಲಿಸ್ಟ್ ಹಾಕಿದ್ರೆ ಆರ್ ಆಲ್ಕೋಹಾಲ್ ಬರಬೇಕು, ಇಇ 95ರ ಮೇಲೆ. ಕ್ರೂಡ್‌ನಲ್ಲೇ ಒಂದು ಹನಿ ತೆಗೆದು ಅದೇ ಕಾಲಂ, ಅದೇ ಸಾಲ್ವೆಂಟ್, ಅದೇ ಫ್ಲೋನಲ್ಲಿ ಇಂಜೆಕ್ಟ್ ಮಾಡಿ. ಎರಡು ಚಾರ್ಟನ್ನೂ ಮೇಲೆ ಕೆಳಗೆ ಅಂಟಿಸಿ, ಮೇಲಿನದರಲ್ಲಿ ಸಮಸಮ ಎರಡು ಗುಡ್ಡ, ಕೆಳಗಿನದರಲ್ಲಿ ಒಂದು ಬೆಟ್ಟ, ಅದರ ಪಕ್ಕ ಅದೇ ನಿಮಿಷದಲ್ಲಿ ಬೇಸ್‌ಲೈನ್‌ನಿಂದ ಒಂಚೂರು ಎದ್ದ ಹುತ್ತ. ಆ ಹುತ್ತದ ವಿಸ್ತೀರ್ಣವನ್ನೂ ಬಿಡದೇ ನೋಟ್‌ಬುಕ್‌ನಲ್ಲಿ ಬರೀರಿ. ಏನು ಬಂತು ಅಂತ ನನಗೂ ಒಂದು ಸಾಲು ಬರೆದು ಕಳಿಸಿ, ಕಾಯ್ತಿರ್ತೀನಿ.